ಪ್ಲೇಟು ಪೂರ್ತಿ ಹಳದಿ, ಪಟ್ಟಿಯಲ್ಲಿ ಗೆರೆಯಿಲ್ಲ: ಆನೆಕಾಲು ರೋಗದ ರಕ್ತಪರೀಕ್ಷೆ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಕಾರವಾರದ ಒಂದು ಸಣ್ಣ ಲ್ಯಾಬಿನಲ್ಲಿ ಆನೆಕಾಲು ರೋಗಕ್ಕೆ ರಕ್ತಪರೀಕ್ಷೆ ಕಟ್ಟುವ ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪರೀಕ್ಷೆ ಕೆಟ್ಟಾಗ ಎಲ್ಲರ ಅನುಮಾನವೂ ಮೊದಲು ಹೋಗುವುದು ಆಂಟಿಜೆನ್ ಮೇಲೆ, ಅಂದರೆ ಹುಳದಿಂದ ತೆಗೆದು ಪ್ಲೇಟಿಗೆ ಬಳಿಯುವ ಪದಾರ್ಥದ ಮೇಲೆ. ಯಾಕಂದ್ರೆ ಅದೇ ದುಬಾರಿ, ಅದನ್ನೇ ಕಷ್ಟಪಟ್ಟು ಮಾಡಿರುತ್ತೇವೆ. ಆದರೆ ನನಗೆ ತಪ್ಪು ಸಿಕ್ಕಿದ್ದು ಹೆಚ್ಚಾಗಿ ನೀರಲ್ಲಿ, ಗಡಿಯಾರದಲ್ಲಿ, ಪಿಪೆಟ್‌ನಲ್ಲಿ, ರಕ್ತ ತೆಗೆದ ಹೊತ್ತಿನಲ್ಲಿ. ಹಾಗಾಗಿ ದುಡ್ಡಿಲ್ಲದೆ ಐದು ನಿಮಿಷದಲ್ಲಿ ನೋಡಬಹುದಾದ್ದು ಇಲ್ಲಿ ಮೊದಲು ಬರುತ್ತದೆ. ಆಂಟಿಜೆನ್ ಹೊಸದಾಗಿ ಮಾಡುವ ಮಾತು ಕೊನೆಗೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ನಮ್ಮಲ್ಲಿ ಈ ರೋಗ (ಫೈಲೇರಿಯಾ) ತರುವ ಹುಳ ವುಚೆರೇರಿಯಾ ಬ್ಯಾಂಕ್ರಾಫ್ಟಿ. ಕೊಳಚೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹರಡುತ್ತದೆ. ದೊಡ್ಡ ಹುಳಗಳು ದುಗ್ಧನಾಳದಲ್ಲಿ ವರ್ಷಗಟ್ಟಲೆ ಕೂತಿರುತ್ತವೆ, ಅವುಗಳ ಮರಿಗಳು ರಕ್ತಕ್ಕೆ ಬರುತ್ತವೆ. ರಕ್ತದಲ್ಲಿ ನಾವು ಹುಡುಕಬಹುದಾದ್ದು ಮೂರು: ಮರಿಹುಳ, ದೊಡ್ಡ ಹುಳ ಬಿಡುವ ಆಂಟಿಜೆನ್, ಅದಕ್ಕೆ ಎದುರಾಗಿ ಮೈ ಮಾಡಿಕೊಂಡ ಆಂಟಿಬಾಡಿ. ಈ ಮೂರೂ ಒಂದೇ ಮಾತು ಹೇಳುವುದಿಲ್ಲ. ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಶುರುವಾಗುತ್ತವೆ.

ಕೆಲಸಕ್ಕೆ ಕೂರುವ ಮುಂಚೆ

ಯಾರ ರಕ್ತವಾದರೂ ಸೋಂಕಿದೆ ಅಂತಲೇ ತಿಳಿದು ಮುಟ್ಟಿ. ಕೈಗವಸು ಬೇಕೇ ಬೇಕು, ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು, ಬಳಸಿದ ಸೂಜಿಗೆ ಮುಚ್ಚಳ ಹಾಕುವ ಅಭ್ಯಾಸ ಬಿಡಬೇಕು. ಇನ್ನೊಂದು ಮಾತನ್ನು ಜೋರಾಗಿ ಹೇಳಬೇಕು. ಎಲೈಸಾ ಅಂದರೆ ಸಣ್ಣ ಗುಳಿಗಳಿರುವ (ವೆಲ್) ಪ್ಲೇಟಿನಲ್ಲಿ ಬಣ್ಣ ನೋಡಿ ಆಂಟಿಬಾಡಿಯನ್ನೋ ಆಂಟಿಜೆನ್ನನ್ನೋ ಗುರುತಿಸುವ ಪರೀಕ್ಷೆ. ಅದರ ಬಣ್ಣ ನಿಲ್ಲಿಸಲು ಗಂಧಕಾಮ್ಲ ಹಾಕುತ್ತೇವಲ್ವಾ, ಆ ಪ್ಲೇಟನ್ನು ಹಾಗೇ ಹೈಪೋಕ್ಲೋರೈಟ್ ಬಕೆಟ್ಟಿಗೆ ಮುಳುಗಿಸಬೇಡಿ. ಆಮ್ಲವೂ ಬ್ಲೀಚೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ಆಮ್ಲದ ಪ್ಲೇಟಿಗೆ ಬೇರೆ ಡಬ್ಬಿ ಇಡಿ. ಆಮ್ಲ ತೆಳು ಮಾಡುವಾಗ ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು.

ಪ್ಲೇಟಿನ ಎಲ್ಲ ವೆಲ್ಲೂ ಹಳದಿ, ಬ್ಲ್ಯಾಂಕೂ ಹಳದಿ

ತುಂಬ ಜನ ಹೇಳುವ ತೊಂದರೆ ಇದು. ಇದಕ್ಕೆ ಸ್ವಲ್ಪ ಸಮಯ ಕೊಡಿ.

ಆಗಿದ್ದನ್ನೇ ಹೇಳುತ್ತೇನೆ. ಒಂದು ಜುಲೈ ಮಧ್ಯಾಹ್ನ, ಹೊರಗೆ ಕಾಜುಬಾಗಿನ ರಸ್ತೆಯೇ ಕಾಣದಷ್ಟು ಮಳೆ. ಆಮ್ಲ ಹಾಕಿದ ತಕ್ಷಣ ತೊಂಬತ್ತಾರು ವೆಲ್ಲೂ ಒಂದೇ ಸಮ ನಿಂಬೆ ಹಣ್ಣಿನ ಬಣ್ಣಕ್ಕೆ ಬಂದವು. ಸೀರಮ್ (ರಕ್ತದ ತಿಳಿ) ಹಾಕದ ಮೂಲೆಯ ಬ್ಲ್ಯಾಂಕ್ ವೆಲ್ಲೂ ಹಾಗೇ. ನಾವು ಎರಡು ದಿನ ಆಂಟಿಜೆನ್ ಕೆಟ್ಟಿದೆ ಅಂತಲೇ ತಲೆ ಕೆಡಿಸಿಕೊಂಡೆವು. ಮೂರನೇ ದಿನ ಗೊತ್ತಾಯಿತು. ಕಾಂಜುಗೇಟ್ ಸುರಿದಿದ್ದ ಪ್ಲಾಸ್ಟಿಕ್ ತೊಟ್ಟಿಯನ್ನೇ ನಲ್ಲಿ ನೀರಲ್ಲಿ ತೊಳೆದು ಟಿಎಂಬಿ (ಬಣ್ಣ ತರಿಸುವ ದ್ರಾವಣ) ಸುರಿಯಲು ಬಳಸಿದ್ದರು, ಹೊಸ ತೊಟ್ಟಿ ಬಂದಿರಲಿಲ್ಲ ಅಷ್ಟೇ. ಕಾಂಜುಗೇಟ್ ಅಂದರೆ ಎಚ್‌ಆರ್‌ಪಿ ಕಿಣ್ವ ಅಂಟಿಸಿದ ಆಂಟಿಬಾಡಿ. ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಅದು ಟಿಎಂಬಿಯನ್ನು ನೀಲಿ ಮಾಡುತ್ತದೆ, ಆಮ್ಲ ಬಿದ್ದಾಗ ಆ ನೀಲಿಯೇ ಹಳದಿ ಆಗುತ್ತದೆ.

ಅದಕ್ಕೇ ಮೊದಲ ಪರೀಕ್ಷೆ ಇದು, ಖರ್ಚೇ ಇಲ್ಲ. ಹೊಸ ಟ್ಯೂಬಿನಲ್ಲಿ ಸ್ವಲ್ಪ ಟಿಎಂಬಿ ಹಾಕಿ ಹತ್ತು ನಿಮಿಷ ಕತ್ತಲಲ್ಲಿ ಇಡಿ. ತಾನೇ ನೀಲಿಯಾದರೆ ತಪ್ಪು ಬಾಟಲಿಯಲ್ಲೋ ತೊಟ್ಟಿಯಲ್ಲೋ ಇದೆ. ಉಳಿದ ಟಿಎಂಬಿಯನ್ನು ಮತ್ತೆ ಬಾಟಲಿಗೆ ಸುರಿಯುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಟಿಎಂಬಿ ಬಣ್ಣ ಬರದೆ ತಿಳಿಯಾಗೇ ಉಳಿಯಿತಾ? ಹಾಗಾದರೆ ಒಂದು ಪ್ಲೇಟಿನಲ್ಲಿ ನಾಲ್ಕು ಥರದ ವೆಲ್ ಮಾಡಿ. ಒಂದರಲ್ಲಿ ಬರೀ ಟಿಎಂಬಿ. ಎರಡನೆಯದರಲ್ಲಿ ಸೀರಮ್ ಇಲ್ಲದೆ ಕಾಂಜುಗೇಟ್ ಮತ್ತು ಟಿಎಂಬಿ. ಮೂರನೆಯದರಲ್ಲಿ ಆಂಟಿಜೆನ್ ಬಳಿಯದೆ ಬ್ಲಾಕ್ ಮಾತ್ರ ಮಾಡಿ (ಖಾಲಿ ಪ್ಲಾಸ್ಟಿಕ್ಕನ್ನು ಬೇರೆ ಪ್ರೋಟೀನಿನಿಂದ ಮುಚ್ಚಿ), ನೆಗೆಟಿವ್ ಸೀರಮ್ ಹಾಕಿ ಮುಂದಿನ ಹಂತಗಳೆಲ್ಲ. ನಾಲ್ಕನೆಯದು ಪೂರ್ತಿ ಪರೀಕ್ಷೆ. ಬಣ್ಣ ಯಾವ ವೆಲ್ಲಿನಿಂದ ಶುರುವಾಗುತ್ತದೋ ತಪ್ಪು ಅಲ್ಲೇ ಇದೆ. ಎರಡನೆಯದರಲ್ಲಿ ಬಂತು ಅಂದರೆ ಕಾಂಜುಗೇಟ್ ಗಟ್ಟಿಯಾಗಿದೆ, ಇಲ್ಲವೇ ತೊಳೆದದ್ದು ಸಾಲದು. ಮೂರನೆಯದರಲ್ಲಿ ಬಂದರೆ ಬ್ಲಾಕಿಂಗ್ ಸಾಲದು, ಸೀರಮ್ ಪ್ಲಾಸ್ಟಿಕ್ಕಿಗೇ ಅಂಟುತ್ತಿದೆ. ನಾಲ್ಕನೆಯದರಲ್ಲಿ ಮಾತ್ರ ಬಂದರೆ ಆಗ ಆಂಟಿಜೆನ್ ಕಡೆ ನೋಡಿ, ಅದಕ್ಕೂ ಮೊದಲು ಬೇಡ.

ತೊಳೆಯುವುದರಲ್ಲಿ ಕರಾವಳಿಯದೇ ಒಂದು ತೊಂದರೆ ಇದೆ. ವಾಷರ್‌ನ ಸಣ್ಣ ನಳಿಕೆಗಳ ಬಾಯಲ್ಲಿ ಬಫರಿನ ಉಪ್ಪು ಗಟ್ಟಿಯಾಗಿ ಕೂತಿರುತ್ತದೆ, ರಜೆ ಮುಗಿಸಿ ಬಂದ ದಿನವಂತೂ ಗ್ಯಾರಂಟಿ. ಆಗ ಒಂದು ಸಾಲು ಮಾತ್ರ ಗಾಢ ಆಗುತ್ತದೆ. ಖಾಲಿ ಪ್ಲೇಟಿಗೆ ಒಮ್ಮೆ ನೀರು ಬಿಟ್ಟು ಎಲ್ಲ ವೆಲ್ಲೂ ಸಮ ತುಂಬಿದೆಯಾ ನೋಡಿ. ನಮ್ಮಲ್ಲಿ ಈಗ ದಿನದ ಕೊನೆಗೆ ಡಿಸ್ಟಿಲ್ಡ್ ವಾಟರ್ ಹರಿಸಿಯೇ ಮನೆಗೆ ಹೋಗುತ್ತೇವೆ. ಬಾವಿ ನೀರು, ನಲ್ಲಿ ನೀರು ಯಾವ ಬಫರಿಗೂ ಬೇಡ. ಬೇಸಿಗೆಯಲ್ಲಿ ಕಾಳಿ ನದಿಯ ಬಾಯಿ ಹತ್ತಿರದ ಬಾವಿಗಳಿಗೆ ಉಪ್ಪು ಬರುವುದು ಕೋಡಿಬಾಗಿನವರಿಗೆ ಹೊಸದಲ್ಲ.

ಎಷ್ಟು ಹೊತ್ತಾದರೂ ಬಣ್ಣವೇ ಬರುತ್ತಿಲ್ಲ

ಒಂದು ಹನಿ ಕಾಂಜುಗೇಟನ್ನು ನೇರವಾಗಿ ಟಿಎಂಬಿಗೆ ಹಾಕಿ. ತಕ್ಷಣ ನೀಲಿ ಬರಬೇಕು. ಬರಲಿಲ್ಲ ಅಂದರೆ ಎರಡರಲ್ಲಿ ಒಂದು ಸತ್ತಿದೆ, ಹೊಸ ಬಾಟಲಿ ತೆಗೆಯಿರಿ. ಬಂತು ಅಂದರೆ ಬಫರ್ ಬಾಟಲಿಗಳ ಲೇಬಲ್ ಓದಿ. ಬೂಸ್ಟು ಹಿಡಿಯದಿರಲಿ ಅಂತ ಯಾರಾದರೂ ಸೋಡಿಯಂ ಅಜೈಡ್ ಹಾಕಿಟ್ಟಿದ್ದರೆ ಅದು ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ. ಅಜೈಡ್ ವಿಷ, ಸಿಂಕಿಗೆ ಸುರಿಯುವಂತೆಯೂ ಇಲ್ಲ.

ಅದೂ ಸರಿ ಇದ್ದರೆ ಆಂಟಿಜೆನ್ ಪ್ಲೇಟಿಗೆ ಕೂತೇ ಇಲ್ಲ ಅಂತ ಅರ್ಥ. ಆಂಟಿಜೆನ್ ಬಳಿಯುವ ಕೋಟಿಂಗ್ ಬಫರಿನ ಪಿಎಚ್ 9.6 ಇದೆಯಾ ಅಳೆಯಿರಿ. ಅದಕ್ಕೆ ತಪ್ಪಿ ಟ್ವೀನ್ (ಸೋಪಿನಂಥ ದ್ರವ) ಬಿದ್ದಿದ್ದರೆ ಪ್ರೋಟೀನು ಅಂಟುವುದಿಲ್ಲ. ಪ್ಲೇಟು ಎಲೈಸಾದ್ದೇನಾ, ಜೀವಕೋಶ ಬೆಳೆಸುವ ಪ್ಲೇಟಾ ಅಂತಲೂ ನೋಡಿ. ಕಣ್ಣಿಗೆ ಎರಡೂ ಒಂದೇ ಥರ ಇರುತ್ತವೆ.

ಅಂಚಿನ ವೆಲ್ ಗಾಢ, ಜೋಡಿ ವೆಲ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ

ಫ್ರಿಜ್‌ನಿಂದ ತೆಗೆದ ಪ್ಲೇಟನ್ನು ಹಾಗೇ ಬಿಸಿ ಇನ್‌ಕ್ಯುಬೇಟರಿಗೆ ಇಟ್ಟರೆ ಅಂಚು ಬೇಗ ಕಾಯುತ್ತದೆ, ಮಧ್ಯ ತಡ. ಮೊದಲು ಎಲ್ಲವನ್ನೂ ಕೋಣೆಯ ಬಿಸಿಗೆ ಬರಲು ಬಿಡಿ, ಪ್ಲೇಟಿಗೆ ಸೀಲ್ ಹಚ್ಚಿ, ಒಂದರ ಮೇಲೊಂದು ಪೇರಿಸಬೇಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರು ವಾರ ಬಿಟ್ಟು ಆ ಒಂದು ಸಾಲು ಉಪಯೋಗಕ್ಕೆ ಬರುತ್ತದೆ.

ಪಿಪೆಟ್ ನೋಡಲು ತಕ್ಕಡಿ ಸಾಕು. 100 ಮೈಕ್ರೋಲೀಟರ್ ನೀರು 0.1 ಗ್ರಾಂ ತೂಗಬೇಕು. ಹತ್ತು ಸಲ ಹಾಕಿ ಹತ್ತು ಸಲ ತೂಗಿ. ಏರಿಳಿತ ಜಾಸ್ತಿ ಇದ್ದರೆ ಪ್ಲೇಟಿನ ತಪ್ಪಲ್ಲ, ಪಿಪೆಟ್ಟಿನದು ಅಥವಾ ಕೈಯದು. ಇನ್ನೊಬ್ಬರ ಕೈಗೆ ಅದೇ ಪಿಪೆಟ್ ಕೊಟ್ಟು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಕಂಟ್ರೋಲ್ ಗೆರೆ ಇಲ್ಲ, ಅಥವಾ ತೆಳ್ಳಗಿನ ಗೆರೆಯೊಂದು ಆಮೇಲೆ ಮೂಡಿತು

ಪಟ್ಟಿ ಅಂದರೆ ಬೆರಳಿನ ರಕ್ತ ಹಾಕಿ ಗೆರೆ ನೋಡುವ ದಿಢೀರ್ ಪರೀಕ್ಷೆ. ಅದು ಕೆಲಸ ಮಾಡಿದೆ ಅಂತ ತೋರಿಸುವುದು ಕಂಟ್ರೋಲ್ ಗೆರೆ. ಆ ಗೆರೆ ಬಂದಿಲ್ಲ ಅಂದರೆ ಅದು ನೆಗೆಟಿವ್ ಅಲ್ಲ. ಪರೀಕ್ಷೆಯೇ ಆಗಿಲ್ಲ ಅಂತ. ಅದನ್ನು ನೆಗೆಟಿವ್ ಕಾಲಂನಲ್ಲಿ ಬರೆದಿದ್ದನ್ನು ನೋಡಿದ್ದೇನೆ, ಸಂಕಟವಾಗುತ್ತದೆ.

ಮೊದಲು ಪೊಟ್ಟಣ ನೋಡಿ. ನಮ್ಮ ಮಳೆಗಾಲದ ಗಾಳಿಯಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಅಂಥದ್ದರಲ್ಲಿ ಪಟ್ಟಿಯ ನೈಟ್ರೋಸೆಲ್ಯುಲೋಸ್ ಪೊರೆ ತಡೆದೀತಾ? ಬೆಳಿಗ್ಗೆಯೇ ಇಪ್ಪತ್ತೈದು ಪೊಟ್ಟಣ ಒಟ್ಟಿಗೆ ಒಡೆದು ಟ್ರೇಯಲ್ಲಿ ಜೋಡಿಸಿಟ್ಟರೆ ಮಧ್ಯಾಹ್ನಕ್ಕೆ ರಕ್ತ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಒಬ್ಬರ ಬೆರಳು ಚುಚ್ಚುವ ಹೊತ್ತಿಗೆ ಒಂದೇ ಪೊಟ್ಟಣ ಒಡೆಯಿರಿ. ಒಳಗಿನ ಸಿಲಿಕಾ ಚೀಲದ ಬಣ್ಣ ತಿರುಗಿದ್ದರೆ ಆ ಪಟ್ಟಿ ಬಿಸಾಡಿ. ನೀವೇ ಪಟ್ಟಿ ತಯಾರಿಸುತ್ತಿದ್ದರೆ ಒಣಗಿಸುವ, ಪ್ಯಾಕ್ ಮಾಡುವ ಕೋಣೆಯ ತೇವಾಂಶವನ್ನು ದಿನಾ ಅಳೆಯಲೇಬೇಕು.

ಆಮೇಲೆ ರಕ್ತದ ಅಳತೆ ಮತ್ತು ಗಡಿಯಾರ. ದೊಡ್ಡ ಹುಳದ ಆಂಟಿಜೆನ್ ಹುಡುಕಲು ಸಮೀಕ್ಷೆಗಳಲ್ಲಿ ಬಳಸುವ ಫೈಲೇರಿಯಾ ಟೆಸ್ಟ್ ಸ್ಟ್ರಿಪ್‌ಗೆ 75 ಮೈಕ್ರೋಲೀಟರ್ ರಕ್ತ ಬೇಕು, 10 ನಿಮಿಷಕ್ಕೆ ಓದಬೇಕು. ಆಮೇಲೆ ಮೂಡಿದ ಗೆರೆ ಲೆಕ್ಕಕ್ಕಿಲ್ಲ. ಹೊತ್ತು ಮೀರಿದರೆ ಏನೂ ಇಲ್ಲದವರ ಪಟ್ಟಿಯಲ್ಲೂ ಗೆರೆ ಕಾಣಿಸಬಹುದು. ಹತ್ತು ಜನರನ್ನು ಸಾಲಾಗಿ ಕೂರಿಸಿದಾಗ ಮೊದಲನೆಯವರ ಪಟ್ಟಿ ಮರೆತುಹೋಗುವುದು ಸಹಜ. ಪಟ್ಟಿಯ ಹಿಂದೆ ಪೆನ್ನಿನಲ್ಲಿ ಶುರುಮಾಡಿದ ನಿಮಿಷ ಬರೆದುಬಿಡಿ. ತೆಳ್ಳಗಿನ ಗೆರೆ 10 ನಿಮಿಷದ ಒಳಗೇ ಬಂದಿದ್ದರೆ ಇಬ್ಬರು ಬೇರೆ ಬೇರೆಯಾಗಿ ನೋಡಿ, ಹೊಸ ಪಟ್ಟಿಯಲ್ಲಿ ಮತ್ತೊಮ್ಮೆ ಮಾಡಿ.

ಆರೋಗ್ಯವಾಗಿರುವವರೂ ಪಾಸಿಟಿವ್ ಬರುತ್ತಿದ್ದಾರೆ

ಇಲ್ಲಿ ಗಾಬರಿ ಬೇಡ, ಮೊದಲು ಲೆಕ್ಕ ಹಾಕಿ. ನಿಮ್ಮ ಪರೀಕ್ಷೆ ಸೋಂಕಿರುವ ನೂರು ಜನರಲ್ಲಿ 95 ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದ ನೂರರಲ್ಲಿ 97 ಜನರನ್ನು ಸರಿಯಾಗಿ ಬಿಡುತ್ತದೆ ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ ಅಲ್ವಾ? ಈಗ ಸಾವಿರ ಜನರಿಗೆ 10 ಜನರಿಗೆ ಮಾತ್ರ ಸೋಂಕಿರುವ ಊರಿಗೆ ಹೋಗಿ. ಆ ಹತ್ತರಲ್ಲಿ ಒಂಬತ್ತೋ ಹತ್ತೋ ಸಿಗುತ್ತಾರೆ. ಉಳಿದ 990 ಜನರಲ್ಲಿ ನೂರಕ್ಕೆ ಮೂರರಂತೆ ಸುಮಾರು 30 ಜನ ತಪ್ಪಾಗಿ ಪಾಸಿಟಿವ್ ಬರುತ್ತಾರೆ. ಅಂದರೆ ಪಾಸಿಟಿವ್ ಬಂದ ನಾಲ್ವರಲ್ಲಿ ಮೂವರಿಗೆ ಸೋಂಕೇ ಇಲ್ಲ. ಪರೀಕ್ಷೆ ಕೆಟ್ಟಿಲ್ಲ, ರೋಗ ಕಡಿಮೆ ಆಗಿದೆ. ಆದರೆ ಆ ಮೂವತ್ತು ಜನರಿಗೆ ಇದು ಬರೀ ಲೆಕ್ಕವಲ್ಲ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಆನೆಕಾಲು ಅನ್ನುವ ಒಂದು ಪದ ಏನು ಮಾಡುತ್ತದೆ ಅಂತ ನಮಗೆಲ್ಲ ಗೊತ್ತು. ಅದಕ್ಕೇ ಒಂದೇ ಪರೀಕ್ಷೆಯ ಮೇಲೆ ಯಾರಿಗೂ ಏನೂ ಹೇಳಬಾರದು. ಬೇರೆ ಥರದ ಎರಡನೇ ಪರೀಕ್ಷೆ ಆಗಲೇಬೇಕು.

ಲೆಕ್ಕಕ್ಕಿಂತಲೂ ಜಾಸ್ತಿ ಪಾಸಿಟಿವ್ ಬರುತ್ತಿದ್ದರೆ ಗೆರೆ ಎಲ್ಲಿ ಎಳೆದಿದ್ದೀರಿ ನೋಡಿ. ನೆಗೆಟಿವ್ ಸೀರಮ್‌ಗಳ ಸರಾಸರಿಗೆ ಮೂರು ಪಟ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ಸೇರಿಸಿ ಕಟ್-ಆಫ್ ಇಡುವುದು ರೂಢಿ. ಆ ನೆಗೆಟಿವ್ ಸೀರಮ್ ಯಾರದ್ದು? ರೋಗವೇ ಇಲ್ಲದ ದೂರದ ಊರಿನವರದ್ದು ಮಾತ್ರ ಆಗಿದ್ದರೆ ನಮ್ಮ ಕರಾವಳಿಯ ಜನರಿಗೆ ಆ ಗೆರೆ ಹೊಂದುವುದಿಲ್ಲ. ಇಲ್ಲಿ ವರ್ಷಗಟ್ಟಲೆ ಸೊಳ್ಳೆ ಕಚ್ಚಿಸಿಕೊಂಡವರಲ್ಲಿ ಈಗ ಹುಳ ಇಲ್ಲದಿದ್ದರೂ ಆಂಟಿಬಾಡಿ ಇರಬಹುದು. ಎರಡೂ ಕಡೆಯ ನೆಗೆಟಿವ್ ಬೇಕು. ಜೊತೆಗೆ ಮಲ ಪರೀಕ್ಷೆಯಲ್ಲಿ ಜಂತುಹುಳ, ಕೊಕ್ಕೆಹುಳ ಖಚಿತವಾದವರ ಸೀರಮ್ ಬೇಕೇ ಬೇಕು. ಆ ಗುಂಪು ಹಳದಿಯಾದರೆ ನಿಮ್ಮ ಪರೀಕ್ಷೆ ಯಾವ ಹುಳ ಅಂತ ಗುರುತಿಸುತ್ತಿಲ್ಲ, ಹುಳ ಇದೆ ಅಂತ ಮಾತ್ರ ಹೇಳುತ್ತಿದೆ.

ಯಾಕೆ ಹೀಗೆ? ಹುಳವನ್ನು ಅರೆದು ತೆಗೆದ ಕಚ್ಚಾ ಆಂಟಿಜೆನ್‌ನಲ್ಲಿ ಫಾಸ್ಫೋರಿಲ್‌ಕೋಲಿನ್ ಅನ್ನುವ ಭಾಗ ಇರುತ್ತದೆ. ಅದು ಬೇರೆ ಹುಳಗಳಲ್ಲೂ, ಕೆಲವು ಬ್ಯಾಕ್ಟೀರಿಯಾಗಳಲ್ಲೂ ಇದೆ. ಮನುಷ್ಯರ ಹುಳ ಸಿಗುವುದು ಕಷ್ಟ ಅಂತ ದನಗಳ ಹೊಟ್ಟೆಯಲ್ಲಿ ಸಿಗುವ ಸಿಟೇರಿಯಾ ಡಿಜಿಟೇಟಾ ಹುಳದಿಂದ ಆಂಟಿಜೆನ್ ಮಾಡುವುದು ನಮ್ಮ ದೇಶದಲ್ಲಿ ಬಹಳ ನಡೆದಿದೆ. ಕಲಿಯಲು ಒಳ್ಳೆಯದು, ಆದರೆ ಈ ತೊಂದರೆ ಜೊತೆಗೇ ಬರುತ್ತದೆ. ಸುಲಭದ ಉಪಾಯ ಕಾಂಜುಗೇಟ್ ಬದಲಿಸುವುದು. ಐಜಿಜಿ ಅನ್ನುವ ಆಂಟಿಬಾಡಿಗಳನ್ನೆಲ್ಲ ಹಿಡಿಯುವುದರ ಬದಲು ಅದರ ಒಂದು ಬಗೆಯಾದ ಐಜಿಜಿ4 ಮಾತ್ರ ಹಿಡಿಯುವುದನ್ನು ಹಾಕಿ. ಫೈಲೇರಿಯಾ ಸೋಂಕಿನಲ್ಲಿ ಐಜಿಜಿ4 ತುಂಬ ಏರುತ್ತದೆ, ಬೇರೆ ಹುಳಗಳಿಂದ ಬರುವ ಸುಳ್ಳು ಹಳದಿ ಗಣನೀಯವಾಗಿ ಇಳಿಯುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಕಚ್ಚಾ ಆಂಟಿಜೆನ್ ಬಿಟ್ಟು ಡಬ್ಲ್ಯುಬಿ123, ಬಿಎಂ14ರಂಥ ಒಂದೇ ಪ್ರೋಟೀನಿಗೆ ಹೋಗಬೇಕು. ಇದು ದುಬಾರಿ ಮೆಟ್ಟಿಲು, ಹಾಗಾಗಿ ಕೊನೆಗೆ.

ಮಾತ್ರೆ ನುಂಗಿ ಹುಳ ಸತ್ತವರಲ್ಲೂ ಆಂಟಿಜೆನ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ, ಆಂಟಿಬಾಡಿ ಅದಕ್ಕಿಂತಲೂ ಹೆಚ್ಚು. ಡಿಇಸಿ ಮಾತ್ರೆ ಯಾವಾಗ ತಗೊಂಡಿರಿ ಅಂತ ಕೇಳದೆ ರಕ್ತ ತೆಗೆಯಬೇಡಿ.

ಕಾಲು ಊದಿದೆ, ಆದರೂ ನೆಗೆಟಿವ್

ಬೈತಖೋಲ್ ಬಂದರಿನ ಹತ್ತಿರ ಒಬ್ಬ ಅಜ್ಜಿ ತಮ್ಮ ಊದಿದ ಕಾಲನ್ನು ಮಣೆಯ ಮೇಲಿಟ್ಟು, ಪಟ್ಟಿ ನೋಡುತ್ತಾ ಕೇಳಿದರು: "ತಂಗಿ, ಇಷ್ಟು ದೊಡ್ಡ ಕಾಲು ಕಾಣ್ತದೆ, ನಿನ್ನ ಕಾಗದಕ್ಕೆ ಕಾಣೋದಿಲ್ವಾ?" ನ್ಯಾಯವಾದ ಪ್ರಶ್ನೆ. ಉತ್ತರ ಏನಂದರೆ, ಕಾಲು ಊದುವಷ್ಟರಲ್ಲಿ ಹುಳ ಸತ್ತು ವರ್ಷಗಳಾಗಿರಬಹುದು. ಹಾಳಾದ ದುಗ್ಧನಾಳ ಉಳಿದಿದೆ, ಹುಳ ಉಳಿದಿಲ್ಲ. ಅಂಥವರಲ್ಲಿ ನೆಗೆಟಿವ್ ಬರುವುದು ಪರೀಕ್ಷೆಯ ದೋಷವಲ್ಲ. ನಿಮ್ಮ ಪಾಸಿಟಿವ್ ಕಂಟ್ರೋಲ್ ಸೀರಮ್ಮನ್ನು (ಪಾಸಿಟಿವ್ ಬರಲೇಬೇಕಾದ ಮಾದರಿಯನ್ನು) ಊದಿದ ಕಾಲಿನವರಿಂದಲೇ ತಂದಿದ್ದರೆ ಮಾತ್ರ ದೋಷ ನಿಮ್ಮದು. ಕಂಟ್ರೋಲ್ ಬೇಕಾದ್ದು ರಕ್ತದಲ್ಲಿ ಮರಿಹುಳ ಕಂಡವರಿಂದ, ಅವರ ಕಾಲು ಹೊರಗೆ ಹೆಚ್ಚಾಗಿ ಚೆನ್ನಾಗೇ ಇರುತ್ತದೆ.

ಇನ್ನು ಸ್ಲೈಡಿನ ಕಥೆ, ಅಂದರೆ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಮರಿಹುಳ ಹುಡುಕುವುದು. 1872ರಲ್ಲಿ ಟಿಮತಿ ಲೂಯಿಸ್ ಕಲಕತ್ತೆಯಲ್ಲಿ ಮನುಷ್ಯರ ರಕ್ತದಲ್ಲಿ ಈ ಮರಿಹುಳ ಕಂಡಾಗಿನಿಂದ ಸ್ಲೈಡನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ಆದರೆ ಮರಿಹುಳ ಮೈಮೇಲಿನ ರಕ್ತಕ್ಕೆ ಬರುವುದು ರಾತ್ರಿ ಸುಮಾರು 10ರಿಂದ 2ರ ನಡುವೆ. ಹಗಲಲ್ಲಿ ತೆಗೆದ ಸ್ಲೈಡ್ ಖಾಲಿ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಕಷ್ಟ ಏನಂದ್ರೆ ಆ ಹೊತ್ತಿಗೆ ಬೋಟಿನವರು ಕಡಲಲ್ಲಿರುತ್ತಾರೆ. ರಾತ್ರಿ ಹತ್ತೂವರೆಗೆ ಟಾರ್ಚು ಹಿಡಿದು ಮನೆ ಮನೆಗೆ ಹೋದರೆ ಸಿಗುವುದು ಹೆಂಗಸರು, ಮಕ್ಕಳು, ವಯಸ್ಸಾದವರು. ದುಡಿಯುವ ಗಂಡಸರೇ ಲೆಕ್ಕದಿಂದ ಹೊರಗೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದೆ, ರಾತ್ರಿ ರಕ್ತಕ್ಕೆ ಅದೇ ಸರಿಯಾದ ಕಾಲ. ಬೇರೆ ತಿಂಗಳಲ್ಲಿ ಆಂಟಿಜೆನ್ ಪರೀಕ್ಷೆ ನಂಬಿ, ಅದಕ್ಕೆ ಹಗಲು ರಾತ್ರಿಯ ಭೇದವಿಲ್ಲ.

ಸ್ಲೈಡಿಗೆ ಹಾಕುವ ರಕ್ತವೂ ಚೂರು. 20 ಮೈಕ್ರೋಲೀಟರ್ ಅಂದರೆ ಒಂದು ಮಿಲಿಲೀಟರಿನ ಐವತ್ತರಲ್ಲಿ ಒಂದು ಪಾಲು. ಮಿಲಿಲೀಟರಿಗೆ 25 ಮರಿಹುಳ ಇರುವವರ ಸ್ಲೈಡಲ್ಲಿ ಸರಾಸರಿ ಅರ್ಧ ಹುಳ ಬೀಳುತ್ತದೆ, ಅಂದರೆ ಬಹಳ ಸಲ ಒಂದೂ ಬೀಳುವುದಿಲ್ಲ. ಹಾಗಾಗಿ ನಿಮ್ಮ ಎಲೈಸಾ ಪಾಸಿಟಿವ್, ಸ್ಲೈಡ್ ನೆಗೆಟಿವ್ ಅಂದ ಕೂಡಲೇ ಎಲೈಸಾವನ್ನು ಬೈಯಬೇಡಿ. ಒಂದು ಮಿಲಿಲೀಟರ್ ರಕ್ತ ಸೋಸಿ ನೋಡಿ.

ಸ್ಲೈಡಲ್ಲಿ ಹುಳ ಕಣ್ಣಾರೆ ಕಂಡು, ಆಂಟಿಜೆನ್ ಹುಡುಕುವ ಎಲೈಸಾ (ಇದರಲ್ಲಿ ಪ್ಲೇಟಿಗೆ ಬಳಿಯುವುದು ಆಂಟಿಬಾಡಿ) ಮಾತ್ರ ನೆಗೆಟಿವ್ ಬಂದರೆ ಆಗ ನಿಜವಾಗಿ ತಪ್ಪಿದೆ. ಸೀರಮ್ಮನ್ನು ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡಿ ಮತ್ತೆ ಹಾಕಿ. ತೆಳುವಾದಾಗ ಬಣ್ಣ ಜಾಸ್ತಿಯಾದರೆ ಆಂಟಿಜೆನ್ ಮಿತಿಮೀರಿ ಇತ್ತು, ಹಿಡಿಯುವ ಆಂಟಿಬಾಡಿಯನ್ನೂ ಬಣ್ಣದ ಆಂಟಿಬಾಡಿಯನ್ನೂ ಬೇರೆ ಬೇರೆಯಾಗಿ ಮುಚ್ಚಿಬಿಟ್ಟಿತ್ತು ಅಂತ ಅರ್ಥ. ಜಾಸ್ತಿಯಾಗದಿದ್ದರೆ ಆಂಟಿಜೆನ್ ರೋಗಿಯದೇ ಆಂಟಿಬಾಡಿಯ ಜೊತೆ ಕಟ್ಟಿಕೊಂಡು ಕೂತಿರಬಹುದು. ಸೀರಮ್ಮಿಗೆ ಇಡಿಟಿಎ ಇರುವ ಬಫರ್ ಸೇರಿಸಿ ಕುದಿಯುವ ನೀರಲ್ಲಿ ಐದು ನಿಮಿಷ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಳ್ಳಿ. ಈ ಹುಳದ ಆಂಟಿಜೆನ್ ಬಿಸಿ ತಡೆಯುತ್ತದೆ, ಆಂಟಿಬಾಡಿ ತಡೆಯುವುದಿಲ್ಲ. ಟ್ಯೂಬಿನ ಮುಚ್ಚಳಕ್ಕೆ ಲಾಕ್ ಹಾಕಿ, ಇಲ್ಲದಿದ್ದರೆ ಸಿಡಿದು ಮುಖಕ್ಕೆ ರಕ್ತ ಹಾರುತ್ತದೆ. ಇಷ್ಟೆಲ್ಲ ಆದಮೇಲೂ ನೆಗೆಟಿವ್ ಅಂದರೆ ಸ್ಲೈಡಿನ ಹುಳ ಬೇರೆ ಜಾತಿಯದ್ದಾ ನೋಡಿಸಿ. ಕೇರಳದ ಕಡೆ ಇರುವ ಬ್ರೂಗಿಯಾ ಮಲಾಯಿ ನಮ್ಮ ಈ ಆಂಟಿಜೆನ್ ಪರೀಕ್ಷೆಗೆ ಸಿಗುವುದಿಲ್ಲ.

ನಿನ್ನೆ ಪಾಸಿಟಿವ್, ಇವತ್ತು ನೆಗೆಟಿವ್

ಸೀರಮ್ ಎಷ್ಟು ಸಲ ಕರಗಿ ಗಟ್ಟಿಯಾಯಿತು ಕೇಳಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ಡಬ್ಬಿಯಲ್ಲಿ ಐಸ್ ಕರಗಿದ್ದರೆ, ಇಲ್ಲಿ ಮತ್ತೆ ಫ್ರೀಜರಿಗೆ ಇಟ್ಟಿದ್ದರೆ ಅದೇ ಒಂದು ಸಲ ಆಯಿತು. ಬಂದ ದಿನವೇ ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡಿ. ಸೀರಮ್ ಕೆಂಪಗಿದ್ದರೆ ಕೆಂಪುಕಣ ಒಡೆದಿವೆ, ಅದರ ಫಲಿತಾಂಶ ನಂಬಬೇಡಿ, ಹೊಸದಾಗಿ ರಕ್ತ ತರಿಸಿ.

ಎಲ್ಲಿಗೆ ನಿಲ್ಲಿಸಬೇಕು

ಕಂಟ್ರೋಲ್‌ಗಳು ಸತತ ಮೂರು ಸಲ ತಪ್ಪಿದರೆ ಜನರ ಸ್ಯಾಂಪಲ್ ಹಾಕುವುದನ್ನು ನಿಲ್ಲಿಸಿ. ಪುದುಚೇರಿಯಲ್ಲಿ ಐಸಿಎಂಆರ್‌ನ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ಇದೆ, ಈ ಹುಳದ ಕೆಲಸದಲ್ಲಿ ಪಳಗಿದವರು ಅಲ್ಲಿದ್ದಾರೆ. ಅಂಥ ಕಡೆ ಕೇಳಲು ಸಂಕೋಚ ಬೇಡ.

ತಯಾರಿಯಲ್ಲಿರುವ ಪರೀಕ್ಷೆಯ ಫಲಿತಾಂಶವನ್ನು ರಕ್ತ ಕೊಟ್ಟವರ ಕೈಗೆ ಕೊಡಬೇಡಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ, ಅವರ ಸಹಿ ಇಲ್ಲದೆ ರಕ್ತವನ್ನೇ ತೆಗೆಯಬೇಡಿ. ಅನುಮಾನ ಬಂದವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಾತ್ರಿ ರಕ್ತ ಮಾಡಿಸಿ. ಮಾತ್ರೆ ನೀವು ಹೇಳುವುದಲ್ಲ, ಬಸುರಿಯರಿಗೂ ಎರಡು ವರ್ಷದೊಳಗಿನ ಮಕ್ಕಳಿಗೂ ಆ ಮಾತ್ರೆ ಕೊಡುವುದಿಲ್ಲ. ಯಾರಿಗಾದರೂ ಚಳಿಜ್ವರ ಬಂದು ಕಾಲು ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಪಟ್ಟಿ ಗಿಟ್ಟಿ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟರ ಹತ್ತಿರ ಕಳಿಸಿ.

ಸ್ಯಾಂಪಲ್ ಬೇರೆ ಲ್ಯಾಬಿಗೆ ಕಳಿಸುವಾಗ ಟ್ಯೂಬಿನ ಜೊತೆ ಒಂದು ಚೀಟಿ ಇಡಿ: ರಕ್ತ ತೆಗೆದ ಗಂಟೆ, ಕೊನೆಯ ಸಲ ಡಿಇಸಿ ತಗೊಂಡ ತಿಂಗಳು, ಎಷ್ಟು ಸಲ ಕರಗಿದೆ, ನಿಮ್ಮ ಪ್ಲೇಟಿನಲ್ಲಿ 450 ನ್ಯಾನೋಮೀಟರಿಗೆ ಬಂದ ಓದು, ಅದೇ ಪ್ಲೇಟಿನ ಕಂಟ್ರೋಲ್‌ಗಳ ಓದು. ಹೆಸರು ಬೇಡ, ನಂಬರ್ ಸಾಕು. ಮತ್ತು ಅದೇ ಸೀರಮ್ಮಿನ ಒಂದು ಪಾಲು ನಿಮ್ಮ ಫ್ರೀಜರಿನಲ್ಲೂ ಇರಲಿ.